ಗ್ರಹಬಲವೂ ಗೋಲುಬಲವೂ

ಕಲಬುರಗಿಯ ನ್ಯಾಯಾಲಯದ ಆವರಣದಲ್ಲಿ, ಕಕ್ಷಿಗಾರರು ದೊರೆಯದ ವೇಳೆಯನ್ನೆಲ್ಲ ರಾಷ್ಟ್ರಹಿತಚಿಂತನೆಗೆ ವಿನಿಯೋಗಿಸುವ ಸದಭ್ಯಾಸವುಳ್ಳ ವಕೀಲರೊಬ್ಬರು, ಕಮಲಾಪುರದ ವೃದ್ಧ ರೈತನೊಬ್ಬನೊಡನೆ ಭಾರತದ ಫುಟ್‌ಬಾಲ್ ತಂಡದ ಅಧೋಗತಿಯನ್ನು ಕುರಿತು ಗಂಭೀರ ಸಂವಾದಕ್ಕೆ ತೊಡಗಿದರು.

“ಮುತ್ಯಾ, 2024ರ ಜನವರಿಯಲ್ಲಿ ಕತಾರಿನ ಏಷ್ಯಾ ಕಪ್‌ನೊಳಗೆ ಮೂರು ಪಂದ್ಯಗಳನ್ನಾಡಿ ನಮ್ಮವರು ಒಂದು ಗೋಲನ್ನೂ ಗಳಿಸಲಿಲ್ಲ, ಇದು ಗ್ರಹಚಾರವಲ್ಲದೆ ಮತ್ತೇನು?”

“ಗ್ರಹಕ್ಕೇನ್ ಕಡಿಮಿರಿ ವಕೀಲ್ ಸಾಹೇಬ್ರ? 2022ರಾಗ ಆಟಗಾರರ ಪಟ್ಟಿನೇ ಜ್ಯೋತಿಷಿಗೆ ಕಳಿಸಿದ್ರಂತ ಪೇಪರ್‌ನಾಗ ಬಂದಿತ್ತಲ್ರಿ.”

“ತಪ್ಪೇನು? ವಧೂವರರಿಗೆ ಜಾತಕ ನೋಡುವ ದೇಶದಲ್ಲಿ ಗೋಲ್‌ಕೀಪರನಿಗೆ ನೋಡಬಾರದೆ?”

“ನೋಡ್ರಿ. ಆದ್ರ 1962ರಾಗ ಜಕಾರ್ತಾ ಏಷ್ಯನ್ ಗೇಮ್ಸಿನ್ಯಾಗ ನಮ್ಮ ತಂಡದ ಕೋಚ್, ಹೈದರಾಬಾದಿನ ರಹೀಮ್ ಸಾಹೇಬ್ರು ಆಕಾಶ ನೋಡಲಿಲ್ರಿ, ಆಳು ನೋಡಿದ್ರು. ಹಿಂದ ಕಾಯೋ ಜರ್ನೈಲ್ ಸಿಂಗ್‌ಗ ತಲಿಗಿ ಪೆಟ್ಟು ಬಿದ್ದಿತ್ತು. ಅವನ್ನ ಮುಂದ ನಿಲ್ಲಿಸಿದ್ರು. ಸೆಮಿಫೈನಲ್‌ನಾಗೂ ಗೋಲು, ಫೈನಲ್‌ನಾಗೂ ಗೋಲು; ದಕ್ಷಿಣ ಕೊರಿಯಾ 2-1ರಲೆ ಸೋತು, ಬಂಗಾರ ನಮಗ ಬಂತು.”

“ಗಾಯಾಳುವನ್ನು ಮುಂಚೂಣಿಗೆ! ಶಾಸ್ತ್ರವಿರುದ್ಧವಯ್ಯಾ. ಅಂದು ರಾಹುಕಾಲವಿದ್ದಿರಬೇಕು.”

“ಕೊರಿಯಾದವ್ರಿಗಿ ಇದ್ದಿರಬೇಕ್ರಿ.”

ಈ ಉತ್ತರವನ್ನು ಅಪ್ರಸ್ತುತವೆಂದು ತಿರಸ್ಕರಿಸಿದ ವಕೀಲರು, ಪ್ರತಿ ಜಿಲ್ಲೆಗೊಬ್ಬ ಸದಸ್ಯನೂ ಪ್ರತಿ ಸದಸ್ಯನಿಗೊಬ್ಬ ಅಳಿಯನೂ ಇರುವ ಆಯ್ಕೆಸಮಿತಿಯೊಂದನ್ನು ಪ್ರಸ್ತಾಪಿಸುತ್ತ, ಮುತ್ಯಾನ ಬುಟ್ಟಿಯೊಳಗಿನ ಕೆಂಪು ಬಾಳೆಹಣ್ಣುಗಳನ್ನು ಒಂದೊಂದಾಗಿ ಎತ್ತಿ, ತೊಟ್ಟು ನೋಡಿ, ಮೆಲ್ಲಗೆ ಒತ್ತಿ, ಕಂದಿದವನ್ನು ನಿರ್ದಾಕ್ಷಿಣ್ಯವಾಗಿ ಬದಿಗಿಡತೊಡಗಿದರು.

“ಇದಕ್ಕ ಜ್ಯೋತಿಷಿ ಬ್ಯಾಡೇನ್ರಿ?”

“ಛೇ! ಇದು ನನ್ನ ಸ್ವಂತ ರೊಕ್ಕದ ವಿಷಯವಯ್ಯಾ.”