ಕೈಕಾಲು ಉದ್ದವಾಗುವ ಯಂತ್ರ: ಬಳಕೆದಾರರ ಕೈಪಿಡಿ

ಅಭಿನಂದನೆಗಳು! ತಾವೀಗ ಎರಡು ಕೈ, ಎರಡು ಕಾಲುಗಳ ಮಾಲೀಕರು. ಈ ಕೈಪಿಡಿ ಓದಲು ಬರುವಷ್ಟರಲ್ಲಿ ಯಂತ್ರ ಅರ್ಧ ಆಯುಸ್ಸು ಕಳೆದಿರುತ್ತದೆ. ಅದಕ್ಕೆ ಕಂಪನಿ ಹೊಣೆಯಲ್ಲ.

ಜೋಡಣೆ: ಗರ್ಭದ ನಾಲ್ಕನೇ ವಾರದಲ್ಲಿ ಕೈಯ ಮೊಗ್ಗು ಮೂಡುತ್ತದೆ. ಅದರ ತುದಿಯ ಚರ್ಮದ ಏಣನ್ನು ದಯವಿಟ್ಟು ಕೀಳಬೇಡಿ. 1948ರಲ್ಲಿ ಜಾನ್ ಸಾಂಡರ್ಸ್ ಎಂಬ ವಿಜ್ಞಾನಿ ಕೋಳಿಯ ಭ್ರೂಣದಲ್ಲಿ ಕಿತ್ತು ನೋಡಿದರು, ರೆಕ್ಕೆ ಮೊಟಕಾಯಿತು. ಬೇಗ ಕಿತ್ತಷ್ಟೂ ಹೆಚ್ಚು ಮೊಟಕು. ಏಣು ಒಸರುವ ಎಫ್‌ಜಿಎಫ್ ಎಂಬ ಬೆಳವಣಿಗೆ ಅಂಶದಲ್ಲಿ ನೆನೆಸಿದ ಮಣಿಯನ್ನು ಆ ಜಾಗದಲ್ಲಿಟ್ಟರೆ ರೆಕ್ಕೆ ಬೆಳೆಯುತ್ತದೆಂದು 1993ರಲ್ಲಿ ತಿಳಿಯಿತು.

ಚಾಲನೆ: ಮೂಳೆಯ ತುದಿಯ ಬಳಿ ಮೃದ್ವಸ್ಥಿಯ ತೆಳುವಾದ ತಟ್ಟೆಯಿದೆ. ಅದರಲ್ಲಿ ಕೋಶಗಳು ನಾಣ್ಯ ಅಡಕಿಟ್ಟಂತೆ ಸಾಲುಗಟ್ಟಿ ನಿಂತು, ಮೊದಲು ಒಡೆದು ಹೆಚ್ಚುತ್ತವೆ, ಆಮೇಲೆ ಹಲವು ಪಟ್ಟು ಉಬ್ಬುತ್ತವೆ, ಕೊನೆಗೆ ಮೂಳೆಗೆ ಜಾಗ ಬಿಡುತ್ತವೆ. ಉದ್ದದ ದೊಡ್ಡ ಪಾಲು ಈ ಉಬ್ಬರದ್ದೇ. ಎಲ್ಲ ಕೋಶಗಳೂ ಒಮ್ಮೆಗೇ ಉಬ್ಬಿಬಿಟ್ಟರೆ ಅಲ್ಲಿಗೆ ಆಟ ಮುಗಿಯಿತು. ಹಾಗಾಗಿ ಉಬ್ಬಲು ಹೊರಟವು ‘ಇಂಡಿಯನ್ ಹೆಡ್ಜ್‌ಹಾಗ್’ ಎಂಬ ಸಂದೇಶ ಕಳಿಸುತ್ತವೆ (ಹೆಸರಿಟ್ಟವರನ್ನೇ ಕೇಳಿ); ಅದಕ್ಕೆ ಉತ್ತರವಾಗಿ ಮೂಳೆಯ ತುದಿಯಿಂದ ಪಿಟಿಎಚ್‌ಆರ್‌ಪಿ ಎಂಬ ಇನ್ನೊಂದು ಸಂದೇಶ ಬಂದು ಹಿಂದಿನವರಿಗೆ “ತಡೀರಪ್ಪ, ಇನ್ನೂ ಸ್ವಲ್ಪ ಒಡೀರಿ” ಎನ್ನುತ್ತದೆ.

ಬ್ರೇಕು: ಇಲ್ಲಿ ಗಮನವಿಡಿ. ಮೊಗ್ಗನ್ನು ಬೆಳೆಸಿದ ಎಫ್‌ಜಿಎಫ್ ಮನೆತನವೇ ತಟ್ಟೆಯಲ್ಲಿ ತಡೆಗಾರ! ಎಫ್‌ಜಿಎಫ್‌ಆರ್3 ಎಂಬ ಗ್ರಾಹಕ ಪ್ರೋಟೀನು ಆ ಬ್ರೇಕಿನ ಪೆಡಲು. ಅದರ 380ನೇ ಅಮೈನೋ ಆಮ್ಲ ಬದಲಾದರೆ ಬ್ರೇಕು ಅತಿಯಾಗಿ ಹಿಡಿಯುತ್ತದೆ, ಕೈಕಾಲು ಗಿಡ್ಡವಾಗುತ್ತವೆ. ಅಕಾಂಡ್ರೊಪ್ಲೇಸಿಯಾ ಎಂಬ ಕುಳ್ಳತನಕ್ಕೆ ಇದೇ ಕಾರಣವೆಂದು 1994ರಲ್ಲಿ ಗೊತ್ತಾಯಿತು. ಇಂಥ ಮಕ್ಕಳಲ್ಲಿ ಹೆಚ್ಚಿನವರ ತಂದೆತಾಯಿ ಸಾಮಾನ್ಯ ಎತ್ತರದವರೇ; ಬದಲಾವಣೆ ಹೊಸದಾಗಿ ಆದದ್ದು. ಗ್ರಹಣ, ದೃಷ್ಟಿ, ಬಸುರಿಯ ಪಥ್ಯಗಳನ್ನು ದೂರಬೇಡಿ. ಬ್ರೇಕನ್ನು ಸಡಿಲಿಸುವ ವೊಸೊರಿಟೈಡ್ ಎಂಬ ಚುಚ್ಚುಮದ್ದಿಗೆ 2021ರಲ್ಲಿ ಅಮೆರಿಕ, ಯುರೋಪುಗಳಲ್ಲಿ ಅನುಮತಿ ಸಿಕ್ಕಿತು.

ನಿಲುಗಡೆ: ಹರೆಯ ಮುಗಿಯುವಾಗ ಈಸ್ಟ್ರೋಜನ್ ಎಂಬ ಹಾರ್ಮೋನು ತಟ್ಟೆಯನ್ನು ಮುಚ್ಚಿಸುತ್ತದೆ, ಹುಡುಗರಲ್ಲೂ. ಅದರ ಗ್ರಾಹಕ ಕೆಲಸ ಮಾಡದ ಒಬ್ಬ ಯುವಕ 28ರಲ್ಲೂ ಬೆಳೆಯುತ್ತಿದ್ದ. ಎತ್ತರ 204 ಸೆಂ.ಮೀ.

ಎಚ್ಚರಿಕೆ: ಮುಚ್ಚಿದ ತಟ್ಟೆ ಮತ್ತೆ ತೆರೆಯದು. ಎತ್ತರ ಹೆಚ್ಚಿಸುವ ಪುಡಿ, ಮಾತ್ರೆ, ಕಂಬಿಗೆ ಜೋತಾಡುವುದು ಯಾವುದೂ ಆಮೇಲೆ ಕಾಲಿನ ಮೂಳೆಯನ್ನು ಕೂದಲೆಳೆಯಷ್ಟೂ ಉದ್ದ ಮಾಡುವುದಿಲ್ಲ. ಜಾಹೀರಾತು ನೋಡಿ ದುಡ್ಡು ಕಳೆದುಕೊಳ್ಳಬೇಡಿ.