ಬಾಗಿಲ ಹಿಂದಿನ ಬೋರ್ಡು

ಮೊನ್ನೆ ಮದುವೆಗೆಂದು ಊರಿಗೆ ಹೋದವನು ಒಂದು ರಾತ್ರಿ ಲಾಡ್ಜಿನಲ್ಲಿ ಮಲಗಿದೆ. ಬಾಗೂರಿನ ದೊಡ್ಡಪ್ಪನಿಗೆ ಇದನ್ನಿನ್ನೂ ಹೇಳಿಲ್ಲ. ಉದ್ದನೆಯ ಪಡಸಾಲೆ ಇಟ್ಟುಕೊಂಡು ದುಡ್ಡು ಕೊಟ್ಟು ಮಲಗಿದ ಅಂತ ಗೊತ್ತಾದರೆ, "ಯಾಕಪ್ಪಾ, ಮನೇಲಿ ಚಾಪೆಗೆ ಬರ ಬಂದಿತ್ತಾ?" ಅಂತ ಮುಂದಿನ ಮೂರು ಹಬ್ಬವೂ ಕೇಳುತ್ತಾರೆ. ತಪ್ಪು ನನ್ನದಲ್ಲ. ಬೆಂಗಳೂರಿನಿಂದ ಬಂದಿದ್ದ ಭಾವನಿಗೆ ಕಮೋಡು ಬೇಕು, ಏಸಿ ಬೇಕು, ಬೆಳಿಗ್ಗೆ ಮಾರಿಕಣಿವೆಯೂ ಬೇಕು. ಹಾಗಾಗಿ ಹೆದ್ದಾರಿ 48ರ ಬದಿಯ ಒಂದು ಲಾಡ್ಜು. ಹೆಸರು ಬೇಡ. ಇಲ್ಲಿ ಬರೆದದ್ದನ್ನು ಓದಿ "ಅರೆ, ಇದು ನಾವು ಉಳಿದಿದ್ದ ಲಾಡ್ಜೇ" ಅಂತ ಹತ್ತು ಊರಿನವರಾದರೂ ಹೇಳುತ್ತಾರೆ, ಹತ್ತೂ ಜನ ಹೇಳುವುದು ನಿಜವೇ ಇರುತ್ತದೆ.

ನಮ್ಮ ಕಡೆ ಹೋಟ್ಲು ಅಂದರೆ ತಿನ್ನುವ ಜಾಗ, ಲಾಡ್ಜು ಅಂದರೆ ಮಲಗುವ ಜಾಗ. ಇವೆರಡೂ ಇಲ್ಲದ ಕಾಲಕ್ಕೆ ಛತ್ರವಿತ್ತು, ಮಠವಿತ್ತು, ದೇವಸ್ಥಾನದ ಜಗಲಿಯಿತ್ತು. ಸರ್ಕಾರದವರು ಕಟ್ಟಿಸಿದ್ದು ಇನ್ನೊಂದಿದೆ, ಪ್ರವಾಸಿ ಮಂದಿರ. ಹೆಸರಿನಲ್ಲಿ ಪ್ರವಾಸಿ ಇದ್ದಾನೆ, ಗೇಟಿನಲ್ಲಿ ಕೆಂಪು ದೀಪದ ಗುಂಗಿನಿಂದ ಹೊರಬರದ ಕಾರುಗಳಿವೆ. ಪ್ರವಾಸಿ ರೂಮು ಕೇಳಿದರೆ ಮೇಟಿ ಅವನನ್ನು ಕಳ್ಳನನ್ನು ನೋಡಿದಂತೆ ನೋಡುತ್ತಾನೆ.

ಭಾವ ಮೊಬೈಲಿನಲ್ಲಿ ಬುಕ್ ಮಾಡುವಾಗ ಕೆಂಪಕ್ಷರದಲ್ಲಿ ಬಂತು: ಒಂದೇ ರೂಂ ಉಳಿದಿದೆ, ಬೇಗ ಮಾಡಿ. ಭಾವ ಬೆವರಿದ, ಬೆವರಿನ ಕೈಯಲ್ಲೇ ದುಡ್ಡು ಒತ್ತಿದ. ರಾತ್ರಿ ಒಂಬತ್ತೂವರೆಗೆ ಹೋಗಿ ನೋಡಿದರೆ ಕೌಂಟರಿನ ಹಿಂದಿನ ಹಲಗೆಯಲ್ಲಿ ಮೊಳೆಗೊಂದರಂತೆ ಬೀಗದ ಕೈಗಳು ತೂಗುತ್ತಿದ್ದವು, ತೋರಣದ ಹಾಗೆ. ಇಡೀ ಲಾಡ್ಜಿನಲ್ಲಿ ನಾವಿಬ್ಬರೇ. ಗ್ರಾಹಕನನ್ನು ಹೀಗೆ ಸುಳ್ಳು ಅವಸರಕ್ಕೆ ಕೆಡವುವುದನ್ನು ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ನಿಷೇಧಿಸಿದೆ. ಅಂಥ 13 ಕಳ್ಳದಾರಿಗಳ ಪಟ್ಟಿಯನ್ನೇ ಹೊರಡಿಸಿದೆ. ಪಟ್ಟಿ ಓದಿದವನಿಗೆ ಇವರು ಅದನ್ನು ಪಠ್ಯಪುಸ್ತಕ ಅಂತ ತಿಳಿದಿದ್ದಾರೇನೋ ಅನಿಸುತ್ತದೆ.

ಕೌಂಟರಿನ ಹುಡುಗ ದೊಡ್ಡ ರಿಜಿಸ್ಟರು ತೆಗೆದ. ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ, ಯಾಕೆ ಬಂದಿರಿ. ಋಷಿಗಳು ಕಾಡಿನಲ್ಲಿ ಕೂತು ಕೇಳಿಕೊಂಡ ಪ್ರಶ್ನೆಗಳೇ, ಇಲ್ಲಿ ಉತ್ತರ ಬರೆಯಲು ಅರ್ಧ ಇಂಚು ಜಾಗ. ಊರು ಬಾಗೂರು ಅಂತ ಬರೆದೆ. "ಸುರಂಗದ ಬಾಗೂರಾ ಸಾರ್?" ಅಂದ. ಅವನು ಚನ್ನರಾಯಪಟ್ಟಣದ ಕಡೆಯವನಂತೆ. ಅವರಿಗೆ ಬಾಗೂರು ಅಂದರೆ ಹೇಮಾವತಿ ನೀರಿನ ಬಾಗೂರು-ನವಿಲೆ ಸುರಂಗ. ನಮ್ಮದು ಹೊಸದುರ್ಗ ತಾಲ್ಲೂಕಿನದು, ಚನ್ನಕೇಶವನ ಬಾಗೂರು ಅಂದೆ. ಚನ್ನಕೇಶವನ ಆಧಾರ್ ಇಲ್ಲದ್ದರಿಂದ ನನ್ನದನ್ನು ಕೇಳಿದ.

ಆಧಾರ್ ಜೆರಾಕ್ಸಿನ ಕಥೆಯೇ ಒಂದು ಪ್ರಹಸನ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಒಂದು ಪ್ರಕಟಣೆ ಹೊರಡಿಸಿತು. ಲೈಸೆನ್ಸ್ ಇಲ್ಲದ ಹೋಟೆಲು, ಸಿನಿಮಾ ಮಂದಿರಗಳು ಆಧಾರ್ ಪ್ರತಿ ಇಸಿದುಕೊಳ್ಳುವಂತಿಲ್ಲ, ಯಾರಿಗೆಂದರೆ ಅವರಿಗೆ ಜೆರಾಕ್ಸ್ ಕೊಡಬೇಡಿ ಅಂತ. ದೇಶ ಬೆಚ್ಚಿತು. ಅಷ್ಟು ಹೊತ್ತಿಗೆ ದೇಶದ ಅರ್ಧ ಜೆರಾಕ್ಸು ಲಾಡ್ಜಿನ ಮೆಟ್ಟಿಲ ಕೆಳಗಿನ ರಟ್ಟಿನ ಡಬ್ಬದಲ್ಲಿತ್ತು. ಎರಡೇ ದಿನಕ್ಕೆ, ಮೇ 29ರಂದು, ತಪ್ಪರ್ಥ ಬರಬಹುದು ಅಂತ ಪ್ರಕಟಣೆಯನ್ನು ಹಿಂತೆಗೆದುಕೊಂಡು, ಜನ ಸಾಮಾನ್ಯ ವಿವೇಕ ಬಳಸಲಿ ಅಂದರು. ರಾತ್ರಿ ಒಂಬತ್ತೂವರೆಗೆ, ಕೈಯಲ್ಲಿ ಎರಡು ಬ್ಯಾಗು, ಪಕ್ಕದಲ್ಲಿ ಆಕಳಿಸುವ ಭಾವ. ನಾನೂ ಸಾಮಾನ್ಯ ವಿವೇಕ ಬಳಸಿ ಆಧಾರ್ ಕೊಟ್ಟೆ.

"ಏಸಿನಾ, ನಾನ್ ಏಸಿನಾ ಸಾರ್?" ವ್ಯತ್ಯಾಸ ಏನು ಅಂದೆ. ರೂಮು ಅದೇ, ಮಂಚ ಅದೇ, ಗೋಡೆಯ ಮೇಲಿನ ಏಸಿಯೂ ಅದೇ. ಏಸಿ ಅಂದವರಿಗೆ ರಿಮೋಟು ಕೊಡುತ್ತಾರೆ, ನಾನ್ ಏಸಿ ಅಂದವರಿಗೆ ಕೊಡುವುದಿಲ್ಲ. ಆರು ನೂರು ರೂಪಾಯಿಗೆ ರಿಮೋಟು ಬಾಡಿಗೆ ಪಡೆದೆವು. ಅದರಲ್ಲಿ ಸೆಲ್ ಇರಲಿಲ್ಲ.

ಬಾತ್‌ರೂಮು ದುರ್ಗದ ಓಬವ್ವನ ಕಿಂಡಿಯ ಅಳತೆಯದು, ಭಾವ ಅಡ್ಡಡ್ಡ ತಿರುಗಿ ಒಳಗೆ ಹೋದ. ಕಿಟಕಿಯ ಹರಿದ ಜಾಲರಿಯಿಂದ ಸೊಳ್ಳೆಗಳು ಒಂದೊಂದಾಗಿ ತಲೆ ತೂರಿಸುತ್ತಿದ್ದವು. ಒನಕೆ ಇರಲಿಲ್ಲ. ಕೌಂಟರಿಗೆ ಫೋನ್ ಮಾಡಿದೆವು, ಸೊಳ್ಳೆ ಬತ್ತಿ ಎಕ್ಸ್‌ಟ್ರಾ ಅಂದರು. ನಲ್ಲಿ ತಿರುಗಿಸಿದರೆ ತಣ್ಣೀರು. "ಹತ್ತು ನಿಮಿಷ ಬಿಡಿ ಸಾರ್, ಮೊದ್ಲು ತಣ್ಣೀರು ಬರುತ್ತೆ, ಆಮೇಲೆ ಬಿಸಿ." ಇರಲಿ. 1933ರಲ್ಲಿ ಕೋಡಿ ಬಿದ್ದ ಮಾರಿಕಣಿವೆ ಮತ್ತೆ ಬೀಳುವುದನ್ನು ನೋಡಲು 2022ರವರೆಗೆ, 89 ವರ್ಷ ಕಾದ ಜಿಲ್ಲೆಯವರು ನಾವು. ಹತ್ತು ನಿಮಿಷ ಕಾಯಲಾರೆವೇ? ಮೂರು ಬಕೆಟ್ ತಣ್ಣೀರು ಚರಂಡಿಗೆ ಬಿಟ್ಟ ಮೇಲೆ ಗೊತ್ತಾಯಿತು, ಬಿಸಿನೀರು ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ. ಬಾಗಿಲ ಹಿಂದೆ ಬರೆದಿದೆಯಲ್ಲ ಸಾರ್, ನೀವು ನೋಡಿಲ್ಲ.

ಬಾಗಿಲು ಮುಚ್ಚಿದೆ, ನೋಡಿದೆ. ಲಾಡ್ಜಿನ ಆತ್ಮಚರಿತ್ರೆ ಇರುವುದೇ ಅಲ್ಲಿ. ಬೆಲೆಬಾಳುವ ವಸ್ತುಗಳಿಗೆ ಮ್ಯಾನೇಜ್‌ಮೆಂಟ್ ಜವಾಬ್ದಾರರಲ್ಲ. ವಾಹನಕ್ಕೂ ಅಲ್ಲ. ರೂಮಿನಲ್ಲಿ ಬಟ್ಟೆ ಒಗೆಯಬಾರದು. ಎಣ್ಣೆ ತಲೆಯನ್ನು ಗೋಡೆಗೆ ಆನಿಸಬಾರದು. ಹೊರಗಿನ ತಿಂಡಿ ತರಬಾರದು, ಒಳಗೆ ತಿಂಡಿ ಸಿಗುವುದಿಲ್ಲ. ಕೀ ಕಳೆದರೆ ದಂಡ, ಬೆಡ್‌ಶೀಟಿಗೆ ಕಲೆಯಾದರೆ ದಂಡ. ಈ ಕೊನೆಯದನ್ನು ಓದಿ ಭಾವ ಎದ್ದ. ಬೆಡ್‌ಶೀಟಿನ ಮೇಲಾಗಲೇ ಇದ್ದ ಕಲೆಗಳಿಗೆ ಪಂಚನಾಮೆ ಮಾಡಿ, ನಾಲ್ಕು ದಿಕ್ಕಿನಿಂದ ಫೋಟೋ ತೆಗೆದುಕೊಂಡು, ಆಮೇಲೆ ಅದರ ತುದಿಯಲ್ಲಿ ಮಲಗಿದ. ಚೆಕ್‌ಇನ್ ಮಧ್ಯಾಹ್ನ 12ಕ್ಕೆ, ಚೆಕ್‌ಔಟ್ ಬೆಳಿಗ್ಗೆ 10ಕ್ಕೆ. ಇದನ್ನು ಒಂದು ದಿನ ಅನ್ನುತ್ತಾರೆ. ಉಳಿದ ಎರಡು ಗಂಟೆ ಸ್ವಚ್ಛತೆಗಂತೆ. ಮಂಚದ ಕೆಳಗೆ ಹಿಂದಿನವರ ಬಸ್ ಟಿಕೆಟ್ಟು, ಕಡಲೆಕಾಯಿ ಸಿಪ್ಪೆ ಸಿಕ್ಕವು, ಆ ಎರಡು ಗಂಟೆ ಎಲ್ಲಿ ಹೋಯಿತೋ ಕಾಣಲಿಲ್ಲ.

"ವಾಹನಕ್ಕೆ ಜವಾಬ್ದಾರರಲ್ಲ" ಅನ್ನುವುದಕ್ಕೊಂದು ಇತಿಹಾಸವಿದೆ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ಅತಿಥಿಯೊಬ್ಬರು ಮಾರುತಿ ಜೆನ್ ಕಾರಿನ ಕೀಲಿಯನ್ನು ಹೋಟೆಲಿನವರ ಕೈಗೆ ಕೊಟ್ಟು ಒಳಗೆ ಹೋದರು, ಹೊರಗೆ ಬಂದಾಗ ಕಾರು ಇರಲಿಲ್ಲ. ಚೀಟಿಯಲ್ಲಿ ಬರೆದಿದ್ದೆವಲ್ಲ, ಜವಾಬ್ದಾರಿ ಮಾಲೀಕರದ್ದೇ ಅಂತ ಹೋಟೆಲಿನವರ ವಾದ. ಕೀಲಿ ಇಸಿದುಕೊಂಡ ಮೇಲೆ ಚೀಟಿ ತೋರಿಸಿ ನುಣುಚಿಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತು, 2019ರ ನವೆಂಬರಿನಲ್ಲಿ. ಇಪ್ಪತ್ತೊಂದು ವರ್ಷ. ನಮ್ಮ ಲಾಡ್ಜು ತೀರ್ಪು ಓದಿರಬೇಕು, ಕೀಲಿಯನ್ನೇ ಇಸಿದುಕೊಳ್ಳಲಿಲ್ಲ.

ಲಾಡ್ಜಿನವರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಟವೆಲು ಕದ್ದೊಯ್ಯುವವರು, ಗೋಡೆಗೆ ಗುಟ್ಕಾ ಉಗಿಯುವವರು ನಮ್ಮವರೇ. ಆನ್‌ಲೈನಿನವರು ಕಮಿಷನ್ ಹಿಂಡುತ್ತಾರೆ. ಆದರೆ ಬೋರ್ಡಿನಲ್ಲಿ ನಾನು ಮಾಡಬಾರದ್ದು ಅಷ್ಟೊಂದಿದೆ, ಅವರು ಮಾಡಬೇಕಾದ್ದು ಒಂದೂ ಇಲ್ಲ.

ಅಂಥದ್ದೂ ಒಂದು ಕಾಲಕ್ಕಿತ್ತು. ಬ್ರಿಟಿಷರ 1867ರ ಸರಾಯ್ ಕಾಯ್ದೆಯನ್ನು ತೆಗೆದು ನೋಡಿ. ಅದು ಅತಿಥಿಯ ಎಣ್ಣೆ ತಲೆಯ ಬಗ್ಗೆ ಚಿಂತಿಸುವುದಿಲ್ಲ, ಅದರ ಮಾತೆಲ್ಲ ಸರಾಯಿ ಇಟ್ಟವನ ಜೊತೆ. ಕೋಣೆ, ಜಗಲಿ, ಚರಂಡಿ ತೊಳೆಸು. ಬಾವಿ ಶುಚಿಯಾಗಿಡು. ಕಾವಲುಗಾರನನ್ನು ಇಡು. ಕಳ್ಳ ಹತ್ತಿ ಒಳಗಿಳಿಯುವ ಹಾಗಿರುವ ಮರದ ಕೊಂಬೆ ಕಡಿಸು. ಬಾಡಿಗೆಯ ಪಟ್ಟಿಯನ್ನು ಜಿಲ್ಲಾ ಮ್ಯಾಜಿಸ್ಟ್ರೇಟರು ಹೇಳಿದ ಜಾಗದಲ್ಲಿ, ಹೇಳಿದ ಭಾಷೆಯಲ್ಲಿ ತೂಗುಹಾಕು. ಆಗಲೂ ಬೋರ್ಡಿತ್ತು, ಅದು ನೋಡುತ್ತಿದ್ದದ್ದು ಮಾಲೀಕನ ಕಡೆ.

ಬೆಳಿಗ್ಗೆ ಎಂಟು ಗಂಟೆ ಐದು ನಿಮಿಷಕ್ಕೆ ಸ್ನಾನಕ್ಕೆ ಹೋದ ಭಾವನ ಗತಿಯನ್ನು ಬಿಡಿಸಿ ಹೇಳುವುದಿಲ್ಲ. ಕೆಳಗೆ ಬಂದು ಬಿಲ್ಲು ಕೇಳಿದೆ. "ಬಿಲ್ಲು ಬೇಕಂದ್ರೆ ಜಿಎಸ್‌ಟಿ ಎಕ್ಸ್‌ಟ್ರಾ ಆಗುತ್ತೆ ಸಾರ್, ಬೇಕಾ?" ಅಂದ, ಸಾಂಬಾರಿಗೆ ಇನ್ನೊಂದು ವಡೆ ಬೇಕಾ ಅನ್ನುವ ದನಿಯಲ್ಲಿ. 7,500 ರೂಪಾಯಿವರೆಗಿನ ರೂಮಿನ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಸಿದ್ದಾರಲ್ಲ, ರೇಟು ಯಾಕೆ ಇಳಿದಿಲ್ಲ ಅಂತ ಭಾವ ಕೇಳಿದ. ಹುಡುಗ ಮಾಲೀಕರ ಕಡೆ ನೋಡಿದ. ಮಾಲೀಕರು ಲಕ್ಷ್ಮಿಯ ಫೋಟೋ ಕಡೆ ನೋಡಿದರು.

ಬಿಲ್ಲು ಬಂತು. ಕೊನೆಯ ಸಾಲು: ನೀರು, 1 ಬಾಟಲಿ, 40 ರೂಪಾಯಿ. ಬಾಟಲಿಯ ಮೇಲೆ 20 ಅಂತಿದೆಯಲ್ಲ ಅಂದೆ. "ಹೋಟೆಲಿನವರು ಜಾಸ್ತಿ ತಗೋಬಹುದು ಸಾರ್, ಸುಪ್ರೀಂ ಕೋರ್ಟೇ ಹೇಳಿದೆ." ಹೌದು, 2017ರ ಡಿಸೆಂಬರಿನಲ್ಲಿ ಹೇಳಿದೆ. ಹೋಟೆಲಿನವರು ಬರೀ ನೀರು ಮಾರುವುದಿಲ್ಲ, ಜೊತೆಗೆ ಸೇವೆಯೂ ಇರುತ್ತದೆ ಅಂತ. ತೀರ್ಪುಗಳನ್ನು ಇವರಷ್ಟು ಶ್ರದ್ಧೆಯಿಂದ ವಕೀಲರೂ ಓದುವುದಿಲ್ಲ.

ಆ 1867ರ ಕಾಯ್ದೆಯಲ್ಲಿ ಕಸ ಗುಡಿಸದ, ಬಾವಿ ತೊಳೆಸದ, ರೇಟಿನ ಪಟ್ಟಿ ಹಾಕದ ಸರಾಯಿಯವನಿಗೆ ವಿಧಿಸಬಹುದಾಗಿದ್ದ ದಂಡ ಹೆಚ್ಚೆಂದರೆ 20 ರೂಪಾಯಿ, ತಿದ್ದಿಕೊಳ್ಳದಿದ್ದರೆ ದಿನಕ್ಕೆ ಇನ್ನೊಂದು.