ಸರ್ವಸಂಘ ಕಾರ್ಯದರ್ಶಿ

ಪ್ರೌಢಶಾಲೆಯೆಂಬುದು ಇದ್ದಲ್ಲಿ ಸಂಘಗಳಿರುವುದೂ, ಸಂಘಗಳಿದ್ದಲ್ಲಿ ಕಾರ್ಯದರ್ಶಿಯೊಬ್ಬನಿರುವುದೂ ಲೋಕರೂಢಿಯೇ ಆದರೂ, ಕರ್ಣಾಟಕ ಸಂಘ, ವಿಜ್ಞಾನ ಸಂಘ, ಚರ್ಚಾಕೂಟ, ವಿಹಾರ ಮಂಡಲಿ, ಕ್ರೀಡಾ ಸಮಿತಿ ಇವಿಷ್ಟಕ್ಕೂ ಒಬ್ಬನೇ ಕಾರ್ಯದರ್ಶಿಯಾಗಿದ್ದು, ಆ ಒಬ್ಬನಾದರೂ ಯಾವ ಚುನಾವಣೆಗೂ ನಿಂತವನಲ್ಲದೆ, ಯಾವ ಮೇಷ್ಟರಿಂದಲೂ ನೇಮಕಗೊಂಡವನಲ್ಲದೆ, ಉದ್ಭವಲಿಂಗದಂತೆ ತಾನಾಗಿಯೇ ಮೂಡಿಬಂದು ನೆಲೆನಿಂತಿದ್ದುದನ್ನು ಶಿಡ್ಲಘಟ್ಟದ ಸೀಮೆಯ ನಮ್ಮ ಶಾಲೆಯಲ್ಲಿ ನಾನು ಕಣ್ಣಾರೆ ಕಂಡೆನು. ಚಿಕ್ಕಬಳ್ಳಾಪುರದಲ್ಲಿಯೂ ಇಂಥವನೊಬ್ಬನಿದ್ದನು, ಚಿಂತಾಮಣಿ, ಗೌರಿಬಿದನೂರುಗಳಲ್ಲಿಯೂ ಇದ್ದರು. ಅಂತರಶಾಲಾ ಸ್ಪರ್ಧೆಗಳಲ್ಲಿ ಈ ನಾಲ್ವರು ಕಲೆತಾಗ ಅವರವರೊಳಗೆ ನಡೆಯುತ್ತಿದ್ದ ಗಂಭೀರ ಸಮಾಲೋಚನೆಯನ್ನು ದೂರದಿಂದ ನೋಡಿದವರಿಗೆ, ನಾಲ್ಕು ಸಂಸ್ಥಾನಗಳ ದಿವಾನರು ಸಂಧಿಪತ್ರಕ್ಕೆ ಸಹಿ ಹಾಕುತ್ತಿರುವರೆಂಬ ಭ್ರಾಂತಿ ಹುಟ್ಟುತ್ತಿತ್ತು.

ಆಕೃತಿಯಲ್ಲಿ ಆತನು ಗಮನಾರ್ಹನಲ್ಲ. ಗಮನಾರ್ಹವಾದದ್ದು ಅವನ ಕೈಚೀಲ. ಅದರಲ್ಲಿ ಪಠ್ಯಪುಸ್ತಕಗಳನ್ನುಳಿದು ಮಿಕ್ಕೆಲ್ಲವೂ ಇದ್ದವು: ರಸೀದಿ ಪುಸ್ತಕ, ರಬ್ಬರು ಮೊಹರು, ಬಣ್ಣದ ಕಾಗದದ ತೋರಣ, ಗುಂಡುಸೂಜಿ, ಊದುಬತ್ತಿ, ಮತ್ತು ಹಿಂದಿನ ಸಭೆಯ ಅತಿಥಿಗಳು ಮೇಜಿನ ಮೇಲೆಯೇ ಬಿಟ್ಟುಹೋದ ಗಂಧದ ಹಾರ. ಆತನು ತರಗತಿಯೊಳಕ್ಕೆ ಬರುತ್ತಿದ್ದುದು ಬಹುಮಟ್ಟಿಗೆ ಸೂಚನಾಪುಸ್ತಕವನ್ನು ಹಿಡಿದುಕೊಂಡೇ ಆದ್ದರಿಂದ, ಆತನೂ ಒಬ್ಬ ವಿದ್ಯಾರ್ಥಿಯೆಂಬುದು ಗಣಿತದ ಮೇಷ್ಟರಿಗೆ ಸ್ಪಷ್ಟವಾದದ್ದು ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಯನ್ನು ಕಂಡ ಮೇಲೆಯೇ.

ನಾನು ಇವನ ಸಹಕಾರ್ಯದರ್ಶಿಯಾದೆನು. ಏಕೆ ಆದೆನೆಂದರೆ, ಆಹ್ವಾನಪತ್ರಿಕೆಯ ಕೆಳತುದಿಯಲ್ಲಿ ಬಲಗಡೆಗೆ ನನ್ನ ಹೆಸರು ಅಚ್ಚಾಗುವುದೆಂದು ಆತನು ಹೇಳಿದನು. ಮನುಷ್ಯನನ್ನು ಅಧೋಗತಿಗೆ ತಳ್ಳುವುದಕ್ಕೆ ಅರಿಷಡ್ವರ್ಗಗಳು ಆರೂ ಬೇಕಾಗುವುದಿಲ್ಲ.

ನಮ್ಮ ಚರ್ಚಾಕೂಟದ ವಿಷಯಗಳು ಎರಡೇ: ನಗರಜೀವನ ಮೇಲೋ ಗ್ರಾಮಜೀವನ ಮೇಲೋ ಎಂಬುದೊಂದು, ಖಡ್ಗ ಹಿರಿದೋ ಲೇಖನಿ ಹಿರಿದೋ ಎಂಬುದು ಇನ್ನೊಂದು. ಯಾರು ಯಾವ ಪಕ್ಷವೆಂಬುದನ್ನು ಕಾರ್ಯದರ್ಶಿಯು ಹಿಂದಿನ ಸಂಜೆ ನಿರ್ಣಯಿಸುತ್ತಿದ್ದನು. ಪಟ್ಟಣವನ್ನೇ ಕಾಣದ ನಾನು ಸದಾ ಪಟ್ಟಣದ ಪಕ್ಷ. ವೇದಿಕೆಯ ಮೇಲಿನ ವಾದ ಶುದ್ಧ ಕನ್ನಡದಲ್ಲಿಯೂ ಸಭಿಕರ ಖಂಡನೆ ಶುದ್ಧ ತೆಲುಗಿನಲ್ಲಿಯೂ ನಡೆಯುವುದು ನಮ್ಮ ಗಡಿಸೀಮೆಯ ಸಂಪ್ರದಾಯ. ಕೈವಾರದ ನಾರೇಯಣ ತಾತಯ್ಯನವರು ಎರಡು ಭಾಷೆಗಳಲ್ಲಿಯೂ ಕೀರ್ತನೆಗಳನ್ನು ರಚಿಸಿದ ನಾಡಿನಲ್ಲಿ ಇದು ಸಹಜವೇ ಸರಿ. ಚಿಂತಾಮಣಿಯ ಸ್ಪರ್ಧೆಗೆ ನಾವು ಹೋಗುತ್ತಿದ್ದುದು, ಚಿಕ್ಕಬಳ್ಳಾಪುರದಿಂದ ಹೊರಟು ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರಗಳ ಮೇಲೆ ಕೋಲಾರಕ್ಕೆ ಸಾಗುತ್ತಿದ್ದ ಚಿಕ್ಕ ಹಳಿಯ ರೈಲಿನಲ್ಲಿ. ಅದರ ಮಂದಗಮನದ ದೆಸೆಯಿಂದ ನನ್ನ ಭಾಷಣ ಪೂರ್ತಿಯಾಗಿ ಕಂಠಸ್ಥವಾಗಿ, ಅನಂತರ ಪೂರ್ತಿಯಾಗಿ ಮರೆತುಹೋಗುವುದಕ್ಕೂ ಅವಕಾಶವಾಗುತ್ತಿತ್ತು.

ಇವೆಲ್ಲವನ್ನೂ ನಾನು ಕ್ಷಮಿಸಬಲ್ಲೆ. ಕ್ಷಮಿಸಲಾರದ್ದು ಕರ್ಣಾಟಕ ಸಂಘದ ಆ ಒಂದು ಉದ್ಘಾಟನೆ.

ರೇಷ್ಮೆಯ ಸೀಮೆಯನ್ನು ಅರಿಯದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಹುಳು ಪೊರೆ ಕಳಚುವ ನಾಲ್ಕು ಜ್ವರಗಳನ್ನು ಕಳೆದು, ಕಡೆಯ ವಾರದಲ್ಲಿ ಹಗಲಿರುಳೆನ್ನದೆ ಹಿಪ್ಪುನೇರಳೆಯ ಸೊಪ್ಪನ್ನು ಮುಕ್ಕಿ, ಒಂದು ದಿನ ತಿನ್ನುವುದನ್ನು ತಟಕ್ಕನೆ ನಿಲ್ಲಿಸಿ, ಮೈಯೆಲ್ಲ ಪಾರದರ್ಶಕವಾಗಿ ಹಣ್ಣಾಗುತ್ತದೆ. ಹಣ್ಣಾದ ಹುಳುವನ್ನು ಆಗಿಂದಾಗಲೇ ಆಯ್ದು, ಗೂಡು ಕಟ್ಟುವ ಚಂದ್ರಿಕೆಗೆ ಬಿಡದಿದ್ದರೆ ಅದು ತಟ್ಟೆಯ ಕಸದಲ್ಲಿಯೇ ನೂಲು ಸುತ್ತಿಕೊಂಡು, ತಿಂಗಳ ದುಡಿಮೆಯನ್ನು ಹಾಳುಗೆಡಹುವುದು. ಆದಕಾರಣ ಅಂದು ಮನೆಯಲ್ಲಿ ಕೈಯಿರುವವರೆಲ್ಲರೂ ಹುಳುವಿನ ಮನೆಯಲ್ಲಿರಬೇಕು. ಶಾಲೆಯ ಹಾಜರಿಪುಸ್ತಕದಲ್ಲಿ ಅಂದು ಕಾಣುವುದೆಲ್ಲ ಸೊನ್ನೆಗಳೇ. ಪಂಚಾಂಗವನ್ನು ನೋಡಿ, ರಾಹುಕಾಲವನ್ನು ಬಿಟ್ಟು, ಅತಿಥಿಗಳ ಅನುಕೂಲವನ್ನು ವಿಚಾರಿಸಿ ಮುಹೂರ್ತವಿಟ್ಟ ನಮ್ಮ ಕಾರ್ಯದರ್ಶಿಯು ಹುಳುವನ್ನು ವಿಚಾರಿಸಿರಲಿಲ್ಲ.

ಅತಿಥಿಗಳು ಬಂದರು. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಅವರಿಗೆ ಬಾಳೆಯಹಣ್ಣು, ಹಾಲು ಸಮರ್ಪಿತವಾದವು. ಸಭಾಂಗಣದಲ್ಲಿ ಪ್ರಾರ್ಥನೆಯ ಹುಡುಗಿಯರಿಬ್ಬರೂ, ಹಾರ್ಮೋನಿಯಮ್ಮೂ, ಎಲ್ಲಿಂದಲೋ ನುಗ್ಗಿದ ಒಂದು ಆಡೂ ಇದ್ದವು. ಬೇರೆ ಯಾವನಾದರೂ ಎದೆಯೊಡೆದು ಕುಳಿತುಬಿಡುತ್ತಿದ್ದನು. ಈತನು ನನ್ನ ರಟ್ಟೆಯನ್ನು ಹಿಡಿದು ಬೀದಿಗೆ ಇಳಿದನು. ಮೊದಲನೆಯ ಮನೆಯ ಬಾಗಿಲಲ್ಲಿ ನಿಂತು, "ಅಕ್ಕಾ, ನಿಮ್ಮ ಹುಡುಗನ್ನ ಒಂದು ಗಂಟೆ ಮಟ್ಟಿಗೆ ಕಳಿಸ್ಕೊಡಿ, ಸಾಹಿತ್ಯದ ಸಭೆ ಐತೆ" ಎಂದನು.

"ನಿಮ್ಮ ಸಬೇನ ನಾಳಿಕ್ಕೆ ಇಟ್ಕೊಳ್ಳಪ್ಪ. ಹುಳ ನಾಳೆಗಂಟ ತಡೀತದಾ?" ಎಂದಳು ಆಕೆ, ತಲೆಯೆತ್ತದೆಯೇ.

ಕಾರ್ಯದರ್ಶಿಯು ಕ್ಷಣಕಾಲ ಚಿಂತಿಸಿದನು. ಅನಂತರ, ಯುದ್ಧಕಾಲದ ರಾಜರು ಬಂಧುಗಳನ್ನು ಒತ್ತೆಯಿಡುತ್ತಿದ್ದ ನಿರ್ವಿಕಾರದಿಂದ, ನನ್ನನ್ನು ಮುಂದಕ್ಕೆ ನೂಕಿ, "ಇವನು ನಮ್ಮ ಸಹಕಾರ್ಯದರ್ಶಿ ಅಕ್ಕಾ. ಹುಳ ಆಯೋದ್ರಲ್ಲಿ ಬಲು ಚುರುಕು. ನಿಮ್ಮನೆ ಹುಡುಗರು ಬರೋಗಂಟ ಇಲ್ಲೇ ಇರ್ತಾನೆ" ಎಂದನು. ನಾನು ಅದುವರೆಗೆ ಹುಳುವನ್ನು ಮುಟ್ಟಿದವನೇ ಅಲ್ಲ. ನಮ್ಮದು ಗುಮಾಸ್ತರ ಮನೆ. ಆ ತಾಯಿ ನನ್ನ ಕಾಲು ತೊಳೆಸಿ, ಒಳಗೆ ಕರೆದು, ತಟ್ಟೆಯೊಂದರ ಮುಂದೆ ಕೂರಿಸಿದಳು. ಅವಳ ಮಕ್ಕಳು ಮೂವರೂ, ಭಾವನ ಮಕ್ಕಳಿಬ್ಬರೂ ಅಂಗಿ ತೊಟ್ಟು, ಹಬ್ಬಕ್ಕೆ ಹೊರಟವರ ಸಂಭ್ರಮದಿಂದ ಸಾಹಿತ್ಯದ ಕಡೆಗೆ ಓಡಿದರು. ಇದೇ ಕ್ರಮದಲ್ಲಿ ಕಾರ್ಯಕಾರೀ ಸಮಿತಿಯ ಮಿಕ್ಕ ಸದಸ್ಯರೂ ಬೀದಿಬೀದಿಯಲ್ಲಿ ಒತ್ತೆಬಿದ್ದು, ಸಭಾಂಗಣ ತುಂಬಿತೆಂದು ಕೇಳಿದೆನು. ಶಾಲೆಯ ಧ್ವನಿವರ್ಧಕದಿಂದ ಅತಿಥಿಗಳ ಕಂಠವು ತೇಲಿಬರುತ್ತಿರಲು, ತಣ್ಣಗೆ ಮೆತ್ತಗೆ ಬೆರಳ ಮೇಲೆ ಹರಿಯುವ ಹಣ್ಣುಹುಳುಗಳನ್ನು ಒಂದೊಂದಾಗಿ ಆಯುತ್ತ, ಕಾಯಿ ಯಾವುದು ಹಣ್ಣು ಯಾವುದು ತಿಳಿಯದೆ ಬೈಸಿಕೊಳ್ಳುತ್ತ, ನಾನು ಕನ್ನಡಾಂಬೆಯ ಸೇವೆಯನ್ನು ನೆರವೇರಿಸಿದೆನು.

ಮರುದಿನ ವರದಿಪುಸ್ತಕವನ್ನು ತೆರೆದು ನೋಡಲಾಗಿ, ಸಭೆಯು ಅಭೂತಪೂರ್ವ ಯಶಸ್ಸನ್ನು ಪಡೆಯಿತೆಂದೂ, ಸಹಕಾರ್ಯದರ್ಶಿಗಳು ಅನಿವಾರ್ಯ ಕಾರಣಗಳಿಂದ ಗೈರುಹಾಜರಾಗಿದ್ದರೆಂದೂ ದಪ್ಪ ಅಕ್ಷರದಲ್ಲಿ ಬರೆದಿತ್ತು. ಕೆಳಗೆ ಮೊಹರು.

ವಿಹಾರ ಮಂಡಲಿಯ ವಿಷಯದಲ್ಲಿ ವಿಸ್ತರಿಸುವುದಿಲ್ಲ. ನಂದಿಬೆಟ್ಟದ ಬುಡದಲ್ಲಿ ಆತನು ನಮ್ಮ ತಲೆಗಳನ್ನು ಎಣಿಸಿದನು, ಮೇಲೆ ಎಣಿಸಲಿಲ್ಲ. ಹತ್ತುವಾಗ ಕಳೆದುಹೋದವರನ್ನು ಇಳಿಯುವಾಗ ಹುಡುಕಿಕೊಂಡೆವು. ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ, 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಸ್ಥಳದಲ್ಲಿ, ನಮ್ಮನ್ನು ಸಾಲಾಗಿ ನಿಲ್ಲಿಸಿ ಮೌನಾಚರಣೆ ಮಾಡಿಸಿದನು. ಕಣ್ಣು ಮುಚ್ಚಿ ನಿಂತಿದ್ದ ನನ್ನ ಕಿವಿಯಲ್ಲಿ, "ಬಸ್ಸಿನ ಬಾಕಿ ಎಂಟಾಣೆ ಯಾವಾಗ ಕೊಡ್ತೀಯ?" ಎಂದು ಪಿಸುಗುಟ್ಟಿದವನೂ ಆತನೇ.

ಆತನಿಗೂ ಒಬ್ಬ ಆರಾಧ್ಯಪುರುಷರಿದ್ದರು: ಡಾ. ಎಚ್. ನರಸಿಂಹಯ್ಯನವರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡವರ ಮನೆಯಲ್ಲಿ ಹುಟ್ಟಿ, ಬೆಂಗಳೂರಿಗೆ ನಡೆದೇ ಹೋಗಿ ನ್ಯಾಷನಲ್ ಹೈಸ್ಕೂಲನ್ನು ಸೇರಿ, 1936ರಲ್ಲಿ ಗಾಂಧೀಜಿಯವರು ಆ ಶಾಲೆಗೆ ಬಂದಾಗ ಅವರ ಹಿಂದೀ ಭಾಷಣವನ್ನು ಬಾಲಕನಾಗಿಯೇ ಕನ್ನಡಿಸಿ, ಮುಂದೆ ಅಮೆರಿಕದ ಒಹಾಯೊದಲ್ಲಿ ಭೌತವಿಜ್ಞಾನದ ಡಾಕ್ಟರೇಟನ್ನೂ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿ ಪದವಿಯನ್ನೂ ಪಡೆದ ಆ ಮಹನೀಯರ ಬಾಳಿನಲ್ಲಿ ನಮ್ಮ ಕಾರ್ಯದರ್ಶಿಯ ಮನಸ್ಸನ್ನು ಸೆಳೆದ ಸಂಗತಿ ಒಂದೇ: ಅವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಎಂಬುದನ್ನು ಸ್ಥಾಪಿಸಿ, ವಾರವಾರವೂ ಉಪನ್ಯಾಸ ನಡೆಯುವಂತೆ ಮಾಡಿದ್ದು. "ವಾರವಾರವೂ ಕಣಯ್ಯಾ! ಅಷ್ಟು ಜನ ಭಾಷಣಕಾರರನ್ನ ಎಲ್ಲಿಂದ ತಂದಾರು?" ಎಂದು ಆತನು ಭಕ್ತಿಯಿಂದ ಕಣ್ಣರಳಿಸುತ್ತಿದ್ದನು. ಭೌತವಿಜ್ಞಾನದಲ್ಲಿ ತಾನು ಮೂರನೆಯ ಸಲ ತೇರ್ಗಡೆಯಾಗದಿದ್ದುದನ್ನು ಈ ಭಕ್ತಿಯೊಡನೆ ಹೋಲಿಸಿಕೊಳ್ಳುವ ಗೋಜಿಗೆ ಆತನು ಹೋಗಲಿಲ್ಲ.

ಆತನು ಎಂದೂ ಭಾಷಣ ಮಾಡಿದವನಲ್ಲ, ಹಾಡಿದವನಲ್ಲ, ನಾಟಕದಲ್ಲಿ ಬಣ್ಣ ಹಚ್ಚಿದವನಲ್ಲವೆಂಬುದು ನನಗೆ ಹೊಳೆದದ್ದು ಬಹುಕಾಲದ ಮೇಲೆ. ನಮ್ಮೆಲ್ಲರ ಬಹುಮಾನದ ಸ್ಟೀಲು ಲೋಟಗಳ ಮೇಲೆ ಹೆಸರು ಕೆತ್ತಿಸಿ ತಂದವನು, ತನ್ನದೆಂದು ಒಂದು ಲೋಟವನ್ನೂ ಮನೆಗೊಯ್ಯಲಿಲ್ಲ. ಹುಳುವಿನ ಮನೆಯಿಂದ ಅಂದು ಓಡಿಹೋದ ಹುಡುಗರಲ್ಲೊಬ್ಬನು ಮರುವರ್ಷದ ಚರ್ಚೆಯಲ್ಲಿ ಗ್ರಾಮದ ಪಕ್ಷ ವಹಿಸಿ ನನ್ನನ್ನು ಸೋಲಿಸಿದನು. ಕಾರ್ಯದರ್ಶಿಯು ನನಗಿಂತ ಜೋರಾಗಿ ಅವನಿಗೆ ಚಪ್ಪಾಳೆ ತಟ್ಟಿದನು. ಈಗಿನ ಶಾಲೆಗಳಲ್ಲಿ ಇಕೋ ಕ್ಲಬ್ಬು, ಶಾಲಾ ಸಂಸತ್ತು, ಕ್ಲಸ್ಟರಿನಿಂದ ರಾಜ್ಯಮಟ್ಟದವರೆಗೆ ಮೆಟ್ಟಿಲುಮೆಟ್ಟಿಲಾಗಿ ಏರುವ ಪ್ರತಿಭಾ ಕಾರಂಜಿ ಎಲ್ಲವೂ ಇಲಾಖೆಯ ಸುತ್ತೋಲೆಯಂತೆ ನಡೆದು, ಭಾವಚಿತ್ರ ಸಹಿತ ವರದಿ ಮೇಲಕ್ಕೆ ಹೋಗುತ್ತದೆ. ಅವು ಒಳ್ಳೆಯವೇ. ಆದರೆ ಸಭಿಕರಿಲ್ಲವೆಂದು ಮನೆಮನೆಯ ಬಾಗಿಲಿಗೆ ಹೋಗಿ ನಿಲ್ಲುವ ಹುಡುಗನನ್ನು ಸುತ್ತೋಲೆ ಹುಟ್ಟಿಸಲಾರದು.

ಆಗ ಕೋಲಾರಕ್ಕೆ ಸೇರಿದ್ದ ನಮ್ಮ ತಾಲ್ಲೂಕುಗಳು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾದಾಗ, ಆಡಳಿತದ ಅನುಕೂಲವನ್ನು ಕುರಿತು ಮಿಕ್ಕವರು ಸಂತೋಷಪಟ್ಟರು; ನಮ್ಮ ಕಾರ್ಯದರ್ಶಿಯು, ಇನ್ನು ಪ್ರತಿಯೊಂದು ಸಂಘಕ್ಕೂ ಹೊಸದಾಗಿ ಜಿಲ್ಲಾ ಶಾಖೆ ಬೇಕಾಗುವುದೆಂದು ಸಂತೋಷಪಟ್ಟನು. ತಲೆ ನರೆತಿದ್ದರೂ ಕೈಚೀಲ ಇನ್ನೂ ಹೆಗಲಿನಲ್ಲಿದೆ. ರಾಜ್ಯೋತ್ಸವಕ್ಕೋ, ರಕ್ತದಾನ ಶಿಬಿರಕ್ಕೋ, ಸೆಪ್ಟೆಂಬರ್ 15ರಂದು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಜಯಂತಿಯ ಪ್ರಬಂಧಸ್ಪರ್ಧೆಗೋ ಆತನು ರಸೀದಿ ಪುಸ್ತಕವನ್ನು ಹಿಡಿದು ತಮ್ಮ ಬಾಗಿಲಿಗೂ ಬಂದಾನು. ಬಂದರೆ, ವಾಚಕ ಮಹಾಶಯರೇ, ಕೂರಿಸಿ ಕಾಫಿ ಕೊಡಿ, ಕೈಲಾದಷ್ಟು ಚಂದಾ ಕೊಡಿ; ಲೆಕ್ಕದಲ್ಲಿ ಆತನು ಎಂದೂ ಕಾಸು ತಪ್ಪಿದವನಲ್ಲ. ಆಹ್ವಾನಪತ್ರಿಕೆಯ ಬಲತುದಿಯಲ್ಲಿ ತಮ್ಮ ಹೆಸರನ್ನು ಹಾಕಿಸುವೆನೆಂದರೆ ಮಾತ್ರ ಖಂಡಿತ ಒಪ್ಪಿಕೊಳ್ಳಬೇಡಿ.